ಒಂದಳತೆ ದೊಡ್ಡದಾದ ಕೋಲ್ಡ್ ರೂಮಿಗೆ ಹೂವಿನಂಗಡಿಯವನ ಅಹವಾಲು

ನಮ್ಮ ಹೂವಿನಂಗಡಿಯ ಹಿಂದಿನ ಕೋಣೆಯನ್ನು ಪೂರ್ತಿಯಾಗಿಯೂ ಅದರ ಪಕ್ಕದ ಹಾದಿಯನ್ನು ಅರ್ಧದಷ್ಟೂ ತಮ್ಮದಾಗಿಸಿಕೊಂಡು, ಹಗಲಿರುಳೆನ್ನದೆ ನಾಲ್ಕು ಡಿಗ್ರಿಯಲ್ಲಿ ವಿರಾಜಮಾನರಾಗಿರುವ ಶ್ರೀಮಾನ್ ಕೋಲ್ಡ್ ರೂಮ್ ಅವರ ಸನ್ನಿಧಾನಕ್ಕೆ, ಅದೇ ಅಂಗಡಿಯ ಮುಂಭಾಗದಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕೂರುವ ಬಡಪಾಯಿಯ ಅನಂತಾನಂತ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ತಮ್ಮ ಬಾಗಿಲ ಮೇಲಿನ ಕೆಂಪು ಅಂಕಿಗಳೇ ಸಾರಿ ಹೇಳುತ್ತಿರುವುದರಿಂದ ಕುಶಲ ವಿಚಾರಿಸುವ ಔಪಚಾರಿಕತೆಯನ್ನು ಬಿಟ್ಟಿದ್ದೇನೆ. ನನ್ನ ಕುಶಲವನ್ನು ತಾವಾಗಿ ವಿಚಾರಿಸಿದವರಲ್ಲ, ಆದರೂ ಹೇಳಿಬಿಡುತ್ತೇನೆ: ಮೂಗು ಸೋರುತ್ತಿದೆ, ಸೊಂಟ ಹಿಡಿದಿದೆ, ಮರ್ಯಾದೆ ಮಾತ್ರ ಎಲ್ಲಿ ಹೋಯಿತೋ ಇನ್ನೂ ಪತ್ತೆಯಾಗಿಲ್ಲ. ಈ ಪತ್ರವನ್ನು ಲಕೋಟೆಯಲ್ಲಿಟ್ಟು ಅಂಟಿಸದೆ ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಗುಟ್ಟಾಗಿ ಬರೆಯೋಣವೆಂದರೆ ಗುಟ್ಟೆಂಬುದೇ ಉಳಿದಿಲ್ಲ. ಎದುರಿನ ದರ್ಜಿಯಿಂದ ಹಿಡಿದು ಮೂಲೆಯ ಸೈಕಲ್ ರಿಪೇರಿಯವನವರೆಗೆ ಬೀದಿಯ ಪ್ರತಿಯೊಬ್ಬರಿಗೂ ನಮ್ಮಿಬ್ಬರ ನಡುವೆ ನಡೆದದ್ದೆಲ್ಲ ಗೊತ್ತು, ನನಗೆ ಗೊತ್ತಿರುವುದಕ್ಕಿಂತ ಎರಡು ಮಾತು ಹೆಚ್ಚಾಗಿಯೇ ಗೊತ್ತು.

ದೂರು ಬರೆಯುವವನ ಬಳಿ ಎದುರಾಳಿಯ ಒಂದು ದೋಷವಾದರೂ ಇರಬೇಕೆಂಬುದು ಲೋಕಾರೂಢಿ. ಆ ಒಂದು ದೋಷಕ್ಕಾಗಿ ನಾನು ಪಟ್ಟ ಪಾಡನ್ನು ತಾವು ಒಳಗಿನಿಂದ ಕಣ್ಣಾರೆ ಕಂಡಿದ್ದೀರಿ. ಬಾಗಿಲಿನ ರಬ್ಬರಿನ ಸಂದಿಯಲ್ಲಿ ಕಾಗದದ ಚೂರಿಟ್ಟು ಎಳೆದು ನೋಡಿದೆ, ಕಾಗದ ಹರಿಯಿತೇ ಹೊರತು ಸಂದಿ ಬಿಡಲಿಲ್ಲ. ಮಹಡಿ ಹತ್ತಿ ಕಂಪ್ರೆಸರಿಗೆ ಕಿವಿಗೊಟ್ಟು ಕೂತೆ, ಅದು ತಾಯಿ ಮಗುವನ್ನು ಮಲಗಿಸುವಂತೆ ಒಂದೇ ಸಮನೆ ಗುನುಗುತ್ತಿತ್ತು. ಬಾಗಿಲ ಮೇಲಿನ ಅಂಕಿಗಳು ಸುಳ್ಳು ಹೇಳುತ್ತಿರಬಹುದೆಂದು ಮನೆಯಿಂದ ಜ್ವರ ನೋಡುವ ಥರ್ಮಾಮೀಟರನ್ನೇ ತಂದು ತಮ್ಮ ಕಪಾಟಿನ ಮೇಲಿಟ್ಟೆ. ಅದರ ಲೆಕ್ಕದಲ್ಲಿ ತಾವು ಯಾವತ್ತೋ ತೀರಿಕೊಂಡಿದ್ದಿರಿ, ಆದರೆ ಆ ಸಾಕ್ಷ್ಯವನ್ನು ತಮ್ಮನ್ನು ಮಾರಿದ ಕಂಪನಿಯವರು ಒಪ್ಪಲಿಲ್ಲ. ಹೀಗಾಗಿ ತಮ್ಮ ಮೇಲಿನ ನನ್ನ ಮೊದಲ ದೂರು ತಾವು ನಿರ್ದೋಷಿಗಳು ಎಂಬುದೇ ಆಗಿದೆ. ವಾರಕ್ಕೊಮ್ಮೆಯಾದರೂ ದಯವಿಟ್ಟು ಚಿಕ್ಕದೊಂದು ಕಾಯಿಲೆ ಬೀಳಬೇಕಾಗಿ, ಒಂದು ಹನಿ ನೀರಾದರೂ ಸೋರಬೇಕಾಗಿ ಕೈಮುಗಿದು ಬೇಡುತ್ತೇನೆ. ಮನುಷ್ಯನಾದವನಿಗೆ ಬೊಟ್ಟು ಮಾಡಲು ಏನಾದರೂ ಇರಬೇಕು.

ಇನ್ನು ತಾವು ನಮ್ಮಲ್ಲಿಗೆ ದಯಮಾಡಿಸಿದ ಕಥೆ. ನನ್ನ ಹೆಂಡತಿಯನ್ನು ತಾವು ಬಲ್ಲಿರಿ. ದಿನಕ್ಕೆ ಹತ್ತಾರು ಸಲ ತಮ್ಮೊಳಗೆ ಬಂದುಹೋಗುವ, ಹಳೆಯ ಸ್ವೆಟರಿನ ತೋಳನ್ನು ಮೊಣಕೈವರೆಗೆ ಮಡಚಿ, ಎರಡೂ ಕೈಯಲ್ಲಿ ಬಕೆಟ್ ಹಿಡಿದು, ತಮ್ಮ ಬಾಗಿಲನ್ನು ಸೊಂಟದಿಂದಲೇ ತಳ್ಳಿ ಮುಚ್ಚುವ ಹೆಂಗಸು ಅವಳೇ. ಮದುವೆಯಾದಂದಿನಿಂದ ಸಗಟು ಮಾರುಕಟ್ಟೆಗೆ ಹೋಗಿ ಹೂವು ತರುವುದು ಅವಳ ಪಾಲಿನ ಕೆಲಸ. ಕೊಯ್ದ ಹೂವು ನಮ್ಮ ಅಂಗಡಿಯ ಸೆಕೆಯಲ್ಲಿ ಮರುದಿನಕ್ಕೆ ನಿಲ್ಲುತ್ತಿರಲಿಲ್ಲವಾದ್ದರಿಂದ ದಿನವೂ ಹೋಗಲೇಬೇಕು, ಒಳ್ಳೆಯ ಕಟ್ಟು ಸಿಗಬೇಕಾದರೆ ಕತ್ತಲಿರುವಾಗಲೇ ಹೋಗಬೇಕು. ನಾನೇಕೆ ಹೋಗುತ್ತಿರಲಿಲ್ಲ ಎಂದು ತಾವು ಕೇಳಬಹುದು. ಬೆಳಗಿನ ಜಾವದ ಚಳಿ ನನ್ನ ಮೂಗಿಗೆ ಆಗಿಬರುವುದಿಲ್ಲವೆಂದು ಮದುವೆಯಾದ ಹೊಸತರಲ್ಲೇ ನಾನು ಘೋಷಿಸಿದ್ದೆ, ಆ ಘೋಷಣೆಗೆ ಇಷ್ಟು ವರ್ಷಗಳಲ್ಲಿ ಯಾರೂ ತಿದ್ದುಪಡಿ ಸೂಚಿಸಿರಲಿಲ್ಲ. ಚಳಿ ಆಗದ ಅದೇ ಗಂಡಸು ಮುಂದೊಂದು ದಿನ ಒಂದು ಕೋಣೆ ತುಂಬ ಚಳಿಯನ್ನು ಕೊಂಡು ತಂದನೆಂಬುದನ್ನು ಬೀದಿಯವರು ಈಗಲೂ ಬಾಯಿ ಚಪ್ಪರಿಸಿಕೊಂಡು ಹೇಳುತ್ತಾರೆ.

ಒಂದು ಮಧ್ಯಾಹ್ನ ಅವಳು ಹಿಂದಿನ ಕೋಣೆಯ ಕಿಟಕಿಯ ಕೆಳಗಿನ ಬೆಂಚಿನಲ್ಲಿ ಕೂತು ಗುಲಾಬಿಯ ದಂಟಿನಿಂದ ಮುಳ್ಳು ಬಿಡಿಸುತ್ತಿದ್ದಳು. ತಣ್ಣೀರಿನಲ್ಲಿ ಅದ್ದಿ ಅದ್ದಿ ಬೆರಳಿನ ಗಿಣ್ಣುಗಳು ಊದಿದ್ದವು. ಯಾರನ್ನೂ ಉದ್ದೇಶಿಸದೆ, ಕೈಕೆಲಸ ನಿಲ್ಲಿಸದೆ ಅವಳು ಹೇಳಿದಳು: "ಒಂದಿನನಾದ್ರೂ ಬೆಳಕು ಹರಿದ್ಮೇಲೆ ಏಳ್ಬೇಕು ಅನ್ಸುತ್ತೆ ರೀ. ಒಂದೇ ಒಂದಿನ."

ಈ ಮಾತಿಗೆ ತಲೆಯಲ್ಲಿ ಮೆದುಳಿದ್ದ ಯಾವ ಗಂಡನೂ ಕೊಡಬಹುದಾಗಿದ್ದ ಉತ್ತರವೆಂದರೆ, ನಾಳೆ ನಾನು ಹೋಗುತ್ತೇನೆ, ನೀನು ಮಲಗು ಎಂಬುದು. ಬಿಡಿಗಾಸು ಖರ್ಚಿಲ್ಲದ, ಜೋಡಣೆಗೆ ಜನ ಬೇಡದ, ಕರೆಂಟು ತಿನ್ನದ ಈ ಉತ್ತರ ನನಗೆ ಹೊಳೆಯಲಿಲ್ಲ. ನನಗೆ ಹೊಳೆದದ್ದು ತಾವು. ಹೂವನ್ನು ವಾರಗಟ್ಟಲೆ ಕೆಡದಂತೆ ಇಡುವ ಕೋಣೆಯೊಂದಿದ್ದರೆ ಅವಳು ವಾರಕ್ಕೆರಡು ಸಲ ಮಾರುಕಟ್ಟೆಗೆ ಹೋದರೆ ಸಾಕು, ಉಳಿದ ದಿನ ಬೇಕಾದಷ್ಟು ಹೊತ್ತು ಮಲಗಬಹುದು ಎಂದು ಲೆಕ್ಕ ಹಾಕಿದೆ. ಲೆಕ್ಕವೇನೋ ಸರಿಯಿತ್ತು, ಅದನ್ನು ಹಾಕಿದವನು ಸರಿಯಿರಲಿಲ್ಲ.

ತಮ್ಮ ಕಂಪನಿಯ ಪ್ರತಿನಿಧಿಯ ವಿಷಯದಲ್ಲಿ ಮಾತ್ರ ನನ್ನದು ಶುದ್ಧ ಗೌರವ. ಆ ಯುವಕ ಬಂದು ಕೂತು, ಗೋಡೆಯ ಬಿರುಕನ್ನಾಗಲಿ ನನ್ನ ಅಂಗಿಯ ಕಿತ್ತುಹೋದ ಗುಂಡಿಯನ್ನಾಗಲಿ ನೋಡದೆ, ಪ್ರತಿ ವಾಕ್ಯದ ಆರಂಭದಲ್ಲೊಂದು, ಕೊನೆಯಲ್ಲೊಂದು ಸರ್ ಸೇರಿಸಿ ಮಾತಾಡಿದ. ನನ್ನನ್ನು ಅಲ್ಲಿಯವರೆಗೆ ಯಾರೂ ಸರ್ ಎಂದಿರಲಿಲ್ಲ. ಗಿರಾಕಿಗಳು ಹೂವಿನವರೇ ಎನ್ನುತ್ತಾರೆ, ಹೆಂಡತಿ ರೀ ಎನ್ನುತ್ತಾಳೆ, ಬ್ಯಾಂಕಿನವರು ನೆಕ್ಸ್ಟ್ ಎನ್ನುತ್ತಾರೆ. ಅವನು ಎರಡು ಚಿತ್ರಗಳನ್ನು ಮೇಜಿನ ಮೇಲಿಟ್ಟ. ಚಿಕ್ಕ ಅಳತೆಯದನ್ನು ಸಾಮಾನ್ಯವಾಗಿ ಶುರುಮಾಡುವವರು ತಗೊಳ್ಳುತ್ತಾರೆ, ದೊಡ್ಡದನ್ನು ಬೆಳೆಯಬೇಕೆಂದು ತೀರ್ಮಾನ ಮಾಡಿದವರು ತಗೊಳ್ಳುತ್ತಾರೆ ಎಂದು ವಿನಯವಾಗಿ ತಿಳಿಸಿ ಸುಮ್ಮನಾದ. ನಾನು ಬೆಳೆಯಬೇಕೆಂದು ತೀರ್ಮಾನ ಮಾಡಿದ್ದು ಆ ಕ್ಷಣದಲ್ಲೇ. ಚಹಾ ತಂದಿಟ್ಟ ಹೆಂಡತಿ ಚಿತ್ರ ನೋಡಿ, ಅಲ್ಲಾ, ನಮ್ಮ ಹತ್ತಿರ ಇರುವುದು ಎಷ್ಟು ಬಕೆಟ್ಟು ಎಂದು ಕೇಳಿದಳು. ಪ್ರಶ್ನೆ ಇವತ್ತಿನ ಬಕೆಟ್ಟಿನದಲ್ಲ ಎಂದು ನಾನು ಗಂಭೀರವಾಗಿ ಉತ್ತರಿಸಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ಹಾಸಿಗೆಯ ವಿಷಯಕ್ಕೆ ಮಾತ್ರ, ಕೋಲ್ಡ್ ರೂಮಿನ ವಿಷಯಕ್ಕೆ ಅನ್ವಯಿಸುವುದಿಲ್ಲವೆಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ.

ದೊಡ್ಡವರಾದ ತಮಗೆ ನಮ್ಮ ಹಿಂದಿನ ಕೋಣೆ ಸಾಲದೆ ಹೋಯಿತು. ಗೋಡೆಯಿಂದ ಗೋಡೆಗೆ ಅಳೆದ ಮಹಾನುಭಾವ ನಾನೇ. ತಮ್ಮ ಮೈಯ ಹಲಗೆಗಳಿಗೂ ಒಂದು ದಪ್ಪವಿರುತ್ತದೆ, ಅವುಗಳ ಹಿಂದೆ ಗಾಳಿಯಾಡಲು ಜಾಗ ಬಿಡಬೇಕಾಗುತ್ತದೆ ಎಂಬ ಕ್ಷುಲ್ಲಕ ಸಂಗತಿಗಳನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಪಕ್ಕದ ಹಾದಿಯೂ ಹೋಯಿತು, ಕಿಟಕಿಯೂ ಮುಚ್ಚಿತು, ಬೆಂಚು ಮೆಟ್ಟಿಲ ಕೆಳಗಿನ ಮೂಲೆಗೆ ಸರಿಯಿತು. ಅಂದಿನಿಂದ ಅವಳು ಟ್ಯೂಬ್‌ಲೈಟಿನ ಬೆಳಕಲ್ಲಿ ತಲೆ ಬಗ್ಗಿಸಿ ಕೂತು ಮುಳ್ಳು ಬಿಡಿಸುತ್ತಾಳೆ, ಎದ್ದು ನಿಲ್ಲುವಾಗ ಮೆಟ್ಟಿಲು ತಲೆಗೆ ತಾಕದಂತೆ ಒಂದು ಕೈಯನ್ನು ನೆತ್ತಿಯ ಮೇಲಿಟ್ಟುಕೊಳ್ಳುತ್ತಾಳೆ. ಇದರ ಬಗ್ಗೆ ಅವಳು ಒಂದು ಮಾತನ್ನೂ ಆಡಲಿಲ್ಲ, ಅದನ್ನು ನಾನು ಒಪ್ಪಿಗೆಯೆಂದು ಭಾವಿಸಿದೆ.

ತಮ್ಮ ಆಗಮನದ ದಿನ ಬೀದಿಗೆ ಬೀದಿಯೇ ನೆರೆದಿತ್ತು. ಹಲಗೆಗಳು ಒಂದಕ್ಕೊಂದು ಕಚ್ಚಿಕೊಂಡು ಮಧ್ಯಾಹ್ನದೊಳಗೆ ಕೋಣೆಯೊಳಗೊಂದು ಕೋಣೆ ಎದ್ದು ನಿಂತಾಗ ನಾನು ಹಿರಿಹಿರಿ ಹಿಗ್ಗಿದೆ. ಬಂದವರನ್ನೆಲ್ಲ ಪ್ಲಾಸ್ಟಿಕ್ ಪಟ್ಟಿಗಳ ಪರದೆ ಸರಿಸಿ ಒಳಗೆ ಕರೆದೊಯ್ದು, ಒಳಗಿನಿಂದ ಬಾಗಿಲು ತೆರೆಯುವ ಹಸಿರು ಗುಂಡಿಯನ್ನು ಒತ್ತಿ ತೋರಿಸಿ, ಹೊರಗೆ ಕರೆತಂದು, ಹೇಗಿದೆ ಎಂದು ಕೇಳುತ್ತಿದ್ದೆ. ತಣ್ಣಗಿದೆ ಎಂದು ಎಲ್ಲರೂ ಒಪ್ಪಿಕೊಂಡರು. ಸಂಜೆ ಜನ ಕರಗಿದ ಮೇಲೆ ನಮ್ಮಲ್ಲಿದ್ದ ಅಷ್ಟೂ ಬಕೆಟ್ಟುಗಳನ್ನು ಒಳಗಿಟ್ಟು ಬಾಗಿಲಲ್ಲಿ ನಿಂತು ನೋಡಿದೆವು. ಮದುವೆಗೆ ಒಂದು ದಿನ ಮೊದಲೇ ಬಂದುಬಿಟ್ಟ ನೆಂಟರಂತೆ ಅವು ಒಂದು ಮೂಲೆಯಲ್ಲಿ ಗುಂಪಾಗಿ ನಿಂತಿದ್ದವು, ಉಳಿದ ಮೂರು ಮೂಲೆಗಳಲ್ಲಿ ಚಳಿ ಮಾತ್ರ ಇತ್ತು. ಮೂಗಿಗಿಂತ ಮೂಗುತಿ ಭಾರ ಎಂದು ದರ್ಜಿ ಆ ಸಂಜೆಯೇ ಅಂದನಂತೆ, ನನ್ನ ಕಿವಿಗೆ ಬಿದ್ದದ್ದು ತಡವಾಗಿ.

ಖಾಲಿ ಜಾಗ ಒಬ್ಬ ಗಂಡಸನ್ನು ಹೇಗೆ ಹಂಗಿಸುತ್ತದೆ ಎಂಬುದು ಸದಾ ತುಂಬಿದ ಮನಸ್ಸಿನವರಾದ ತಮಗೆ ತಿಳಿಯಲಾರದು. ಮೊದಲು ಬಕೆಟ್ಟುಗಳನ್ನು ದೂರದೂರಕ್ಕೆ ಇಟ್ಟೆ. ಆಮೇಲೆ ಅವುಗಳಲ್ಲಿನ ಹೂವನ್ನು ಹಂಚಿ ಬಕೆಟ್ಟುಗಳ ಸಂಖ್ಯೆ ಹೆಚ್ಚಿಸಿದೆ. ಅದಕ್ಕೂ ತಾವು ತುಂಬದೆ ಇದ್ದಾಗ, ಜಾಗ ಇದೆಯಲ್ಲ, ಇನ್ನಷ್ಟು ಹೂವು ತಾ ಎಂದು ಹೆಂಡತಿಗೆ ಹೇಳಿದೆ. ವಾರಕ್ಕೆರಡು ಸಲ ಹೋಗಿ ಬರಬೇಕಾಗಿದ್ದವಳು ಈಗ ಎಂದಿನಂತೆ ದಿನವೂ ಹೋಗತೊಡಗಿದಳು, ಮೊದಲಿಗಿಂತ ದೊಡ್ಡ ಹೊರೆ ತರಬೇಕಾದ್ದರಿಂದ ಮೊದಲಿಗಿಂತ ಬೇಗ ಏಳತೊಡಗಿದಳು. ತಂದದ್ದನ್ನು ಹಾಗೇ ತಮಗೆ ಒಪ್ಪಿಸುವಂತೆಯೂ ಇಲ್ಲ. ಕಟ್ಟು ಬಿಚ್ಚಬೇಕು, ಎಲೆ ತೆಗೆಯಬೇಕು, ದಂಟನ್ನು ಓರೆಯಾಗಿ ಕತ್ತರಿಸಬೇಕು, ನೀರು ಕುಡಿಸಬೇಕು. ತಾವು ಹೂವನ್ನು ಕಾಯುತ್ತೀರಿ, ಸರಿ, ಆದರೆ ಮುಳ್ಳು ಬಿಡಿಸುವುದಿಲ್ಲ. ಅವಳ ನಿದ್ದೆಗೆಂದು ತಂದ ಯಂತ್ರ ಅವಳ ನಿದ್ದೆಯನ್ನೇ ತಿನ್ನತೊಡಗಿದ ಈ ಸಾಧನೆಗೆ ತಮ್ಮನ್ನು ಹೊಗಳಬೇಕೋ ನನ್ನನ್ನು ಹೊಗಳಬೇಕೋ ತಿಳಿಯದೆ ಇಬ್ಬರಿಗೂ ಅರ್ಧರ್ಧ ಹಂಚಿದ್ದೇನೆ.

ಅಷ್ಟರಲ್ಲಿ ಒಂದು ಒಳ್ಳೆಯ ಸಂಗತಿ ನಡೆಯಿತು, ಅದರಲ್ಲಿ ನನ್ನ ಕೈಯೇನೂ ಇರಲಿಲ್ಲ. ಊರಿನ ದೊಡ್ಡ ಸಭಾಂಗಣದ ಮ್ಯಾನೇಜರ್ ನನ್ನ ಹೆಂಡತಿ ಕಟ್ಟಿದ ಹೂಗುಚ್ಛವೊಂದನ್ನು ಎಲ್ಲೋ ನೋಡಿ, ಅಂಗಡಿಗೆ ಬಂದು, ನನ್ನನ್ನು ದಾಟಿ ಒಳಗೆ ಹೋಗಿ, ಮೆಟ್ಟಿಲ ಕೆಳಗೆ ಕೂತಿದ್ದವಳ ಎದುರು ನಿಂತು, ಒಂದು ಮದುವೆಯ ಅಲಂಕಾರ ಪೂರ್ತಿ ನೀವೇ ಮಾಡಿಕೊಡಬೇಕು ಎಂದರು. ವೇದಿಕೆಗೆಲ್ಲ ಕಾರ್ನೇಶನ್ ಹೂವೇ ಆಗಬೇಕು. ಇದು ಚೆನ್ನಾಗಿ ಆದರೆ ಇಡೀ ವರ್ಷದ ಕೆಲಸ ನಿಮಗೇ ಎಂದೂ ಹೇಳಿದರು. ಅವರು ಹೋದ ಮೇಲೆ ಅವಳು ನನ್ನ ಬಳಿ ಬಂದು, ಆ ಕೆಲಸ ಕೈಗೆ ಬಂದರೆ ಮಾರುಕಟ್ಟೆಗೆ ಹೋಗಿ ಬರಲು ಗೊತ್ತಿರುವ ಒಬ್ಬ ಹೆಂಗಸನ್ನು ಇಟ್ಟುಕೊಳ್ಳಬಹುದು, ತಾನಾಗಲೇ ಕೇಳಿಯೂ ಆಯಿತು ಎಂದಳು. ಅವಳ ಮುಖದಲ್ಲಿ ಅಷ್ಟು ಬೆಳಕನ್ನು ನಾನು ನೋಡಿ ಬಹಳ ಕಾಲವಾಗಿತ್ತು. ತಮ್ಮನ್ನು ತಂದ ದಿನವೂ ಅದು ಇರಲಿಲ್ಲ.

ಅವಳು ಕಾರ್ನೇಶನ್ ಮೊಗ್ಗುಗಳನ್ನು ಒಂದೊಂದಾಗಿ ಆರಿಸಿ ತಂದಳು, ತಮ್ಮೊಳಗೆ ಸಾಲಾಗಿ ನಿಲ್ಲಿಸಿದಳು. ಹೊತ್ತಿಗೆ ಸರಿಯಾಗಿ ಅರಳುವಂತೆ ನೀರು, ತಂಪು ಎಲ್ಲ ನೋಡಿಕೊಂಡಳು. ತಮ್ಮ ಜೀವನದಲ್ಲಿ ತಾವು ತಕ್ಕ ಕೆಲಸಕ್ಕೆ ಬಂದದ್ದು ಅದೇ ಮೊದಲು. ಆದರೂ ಹಿಂದಿನ ಗೋಡೆಯ ಕಪಾಟು ಖಾಲಿಯಿತ್ತು ಎಂಬುದನ್ನು ನನ್ನ ಕಣ್ಣು ಮರೆಯಲಿಲ್ಲ.

ಆಗ ಬಂದವರು ಪಕ್ಕದ ಹಣ್ಣಿನಂಗಡಿಯವರು. ಬೀದಿಯಲ್ಲಿ ಅವರಿಗೆ ಸೇಬಣ್ಣ ಎಂದೇ ಹೆಸರು. ಸೆಕೆಗೆ ಸೇಬು ಮೆತ್ತಗಾಗುತ್ತಿವೆ, ನಾಲ್ಕು ದಿನ ಒಂದಿಷ್ಟು ಕ್ರೇಟು ನಿಮ್ಮ ದೊಡ್ಡ ಕೋಣೆಯಲ್ಲಿಟ್ಟರೆ ಉಪಕಾರವಾದೀತು, ಅಷ್ಟು ದೊಡ್ಡ ಕೋಣೆ ಈ ಬೀದಿಯಲ್ಲಿ ಇನ್ಯಾರ ಹತ್ತಿರ ಇದೆ ಎಂದು ಅವರು ಕೇಳಿದರು. ಕಡೆಯ ಮಾತೊಂದನ್ನು ಅವರು ಆಡದೆ ಇದ್ದಿದ್ದರೆ ಈ ಪತ್ರವೇ ಇರುತ್ತಿರಲಿಲ್ಲ. ದೊರೆ ಜಹಗೀರು ಕೊಡುವಂತೆ ನಾನು ಇಡೀ ಕಪಾಟನ್ನು ಕೊಟ್ಟೆ, ಬಾಡಿಗೆಯ ಮಾತೆತ್ತಿದವರ ಬಾಯಿ ಮುಚ್ಚಿಸಿದೆ. ಹೆಂಡತಿಗೆ ಹೇಳಲಿಲ್ಲ. ಹೇಳಿದರೆ, ಬೇರೆಯವರಿಗೆ ಕೊಡುವಷ್ಟು ಜಾಗ ಮಿಕ್ಕಿದೆ ಎಂದಂತಾಗುತ್ತಿತ್ತು, ಮಿಕ್ಕಿದೆ ಎಂದರೆ ಚಿಕ್ಕದೇ ಸಾಕಾಗಿತ್ತು ಎಂದಂತಾಗುತ್ತಿತ್ತು. ಅವಳು ಮಾರುಕಟ್ಟೆಗೆ ಹೋಗಿದ್ದಾಗ ಕ್ರೇಟುಗಳನ್ನು ಒಳಗೆ ಸಾಗಿಸಿ, ಮೇಲೆ ಒದ್ದೆ ಗೋಣಿತಾಟು ಹೊದಿಸಿ, ಅದರ ಮುಂದೆ ಜರೀಗಿಡದ ಎಲೆಗಳ ಕಟ್ಟುಗಳನ್ನು ಒಟ್ಟಿದೆ. ಅಂಥ ಅಚ್ಚುಕಟ್ಟಾದ ಕೆಲಸವನ್ನು ನಾನು ಆ ಅಂಗಡಿಯಲ್ಲಿ ಮಾಡಿದ್ದು ಅದೊಂದೇ.

ಇಲ್ಲಿ ತಮ್ಮ ಗಮನಕ್ಕೆ ಒಂದು ವಿಷಯ ತರಬೇಕು. ಹೂವು ಕೊಂಡ ಪ್ರತಿಯೊಬ್ಬ ಗಿರಾಕಿಗೂ ಚಿಲ್ಲರೆಯ ಜೊತೆಗೆ ನಾನೊಂದು ಉಪದೇಶ ಕೊಡುವುದುಂಟು: ಹೂದಾನಿಯನ್ನು ಹಣ್ಣಿನ ಬುಟ್ಟಿಯ ಪಕ್ಕದಲ್ಲಿ ಇಡಬೇಡಿ, ಹಣ್ಣು ಮಾಗುವಾಗ ಬಿಡುವ ಉಸಿರಿಗೆ ಹೂವು ಬೇಗ ಕೆಡುತ್ತದೆ. ಎಷ್ಟು ವರ್ಷಗಳಿಂದ ಹೇಳುತ್ತಿದ್ದೇನೆಂದರೆ ಕೆಲವು ಹಳೆಯ ಗಿರಾಕಿಗಳು ನಾನು ಬಾಯಿ ತೆರೆಯುವ ಮೊದಲೇ ಗೊತ್ತು ಗೊತ್ತು ಎಂದು ಹೊರಟುಬಿಡುತ್ತಾರೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಗಾದೆ ನನ್ನಂಥವರಿಗೇ ಹುಟ್ಟಿದ್ದು. ಸೇಬಿನ ಕ್ರೇಟನ್ನು ಹೂವಿನ ಕೋಣೆಗೆ ಹೊತ್ತು ತರುವಾಗ ಆ ಮಾತು ನೆನಪಾಗಲಿಲ್ಲವೇ ಎಂದರೆ, ಆಯಿತು. ಆದರೆ ಅದು ಗಿರಾಕಿಗಳ ಮನೆಯ ಪುಟ್ಟ ಹೂದಾನಿಗೆ ಹೇಳಿದ ಮಾತು, ಇಷ್ಟು ದೊಡ್ಡ ಕೋಣೆಯಲ್ಲಿ, ಇಂಥ ಚಳಿಯಲ್ಲಿ, ಸೇಬಿಗೆ ಉಸಿರಾಡುವ ಧೈರ್ಯವೆಲ್ಲಿಂದ ಬರಬೇಕು ಎಂದುಕೊಂಡೆ. ಬಂತು, ಸ್ವಾಮಿ. ಸೇಬುಗಳು ಧಾರಾಳವಾಗಿ ಉಸಿರಾಡಿದವು, ಮತ್ತು ಗಾಳಿ ಹೊರಹೋಗದಂತೆ ಬಾಗಿಲನ್ನು ಭದ್ರವಾಗಿ ಹಿಡಿದ ಕೀರ್ತಿ ತಮ್ಮದು.

ಮದುವೆಯ ಹಿಂದಿನ ದಿನ ಬೆಳಿಗ್ಗೆ ಹೆಂಡತಿ ತಮ್ಮ ಬಾಗಿಲು ತೆರೆದು ಒಳಗೆ ಹೋದವಳು ಹೊರಗೆ ಬರಲಿಲ್ಲ. ನಾನು ಹೋಗಿ ನೋಡಿದೆ. ಕಾರ್ನೇಶನ್ ಹೂಗಳು ಬಾಡಿರಲಿಲ್ಲ, ಉದುರಿರಲಿಲ್ಲ. ಅರಳಬೇಕಾಗಿದ್ದ ಎಸಳುಗಳನ್ನು ಒಳಮುಖವಾಗಿ ಮಡಚಿಕೊಂಡು, ಸಾಲುಸಾಲಾಗಿ, ಬಕೆಟ್ಟು ಬಕೆಟ್ಟೇ ಮಲಗಿಬಿಟ್ಟಿದ್ದವು. ಹಾಗೆ ಮಲಗಿದವು ಮತ್ತೆ ಏಳುವುದಿಲ್ಲವೆಂದು ನಮ್ಮ ಕಸುಬಿನ ಯಾರಿಗಾದರೂ ಗೊತ್ತು. ಅವಳಿಗೆ ಕೊಡಬೇಕೆಂದು ಹೊರಟಿದ್ದ ನಿದ್ದೆಯನ್ನು ನಾನು ಅವಳ ಹೂಗಳಿಗೆ ಕೊಟ್ಟಿದ್ದೆ.

ನಾನು ಮಾಡಿದ ಮೊದಲ ಕೆಲಸ ಫೋನ್ ಎತ್ತಿಕೊಂಡು ತಮ್ಮ ಕಂಪನಿಯವರ ಮೇಲೆ ಕೂಗಾಡಿದ್ದು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ನಾನು ಅದನ್ನು ಗಂಡು ದನಿಯಲ್ಲಿ, ಗ್ಯಾರಂಟಿ ಕಾರ್ಡು ಕೈಯಲ್ಲಿ ಹಿಡಿದು ಹೇಳಿದೆ. ಆ ಸರ್ ಎನ್ನುವ ಯುವಕ ಈಗ ಬೇರೆ ವಿಭಾಗಕ್ಕೆ ಹೋಗಿದ್ದಾನೆಂದು ತಿಳಿಯಿತು. ಬಂದ ಮೆಕ್ಯಾನಿಕ್ ತಮ್ಮನ್ನು ಮುಟ್ಟಿ, ತಟ್ಟಿ, ಯಂತ್ರದಲ್ಲಿ ಏನೂ ತೊಂದರೆಯಿಲ್ಲವೆಂದು ಬರೆದುಕೊಟ್ಟು, ಸಹಿ ಹಾಕಿಸಿಕೊಂಡು ಹೋದ. ಉಳಿದದ್ದರಲ್ಲಿ ತೊಂದರೆ ಎಲ್ಲಿದೆಯೆಂಬುದು ಅವನ ಕೆಲಸಕ್ಕೆ ಸೇರಿರಲಿಲ್ಲ.

ಅವನು ಹೋದ ಮೇಲೆ ಹೆಂಡತಿ ಅಲಂಕಾರಕ್ಕೆ ಉಳಿದದ್ದೇನಿದೆ ಎಂದು ನೋಡಲು ಜರೀಗಿಡದ ಕಟ್ಟುಗಳನ್ನು ಒಂದೊಂದಾಗಿ ತೆಗೆದಳು. ಗೋಣಿತಾಟು ಕಂಡಿತು, ಗೋಣಿತಾಟಿನ ಕೆಳಗೆ ಕ್ರೇಟು, ಕ್ರೇಟಿನಲ್ಲಿ ಸೇಬು, ಒಂದೊಂದೂ ಹೊಳೆಯುತ್ತ ಆರೋಗ್ಯವಾಗಿದ್ದವು. ನಾಲ್ಕೇ ದಿನಕ್ಕೆ ಎಂದು ನಾನು ಶುರುಮಾಡಿ ಅಲ್ಲಿಗೇ ನಿಲ್ಲಿಸಿದೆ. ಅವಳು ಒಂದು ಸೇಬನ್ನು ಕೈಗೆತ್ತಿಕೊಂಡು, ತಿರುಗಿಸಿ ನೋಡಿ, ಮತ್ತೆ ಕ್ರೇಟಿನಲ್ಲಿಟ್ಟಳು. ಬಾಯಿಂದ ಬಿಸಿಯುಸಿರು ಹೊಗೆಯಾಗಿ ಬರುತ್ತಿತ್ತು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಹೇಳಿದ್ದು ಇಷ್ಟೇ: "ಜಾಗ ಜಾಸ್ತಿ ಆಯ್ತು ಅಂತ ಒಂದು ಮಾತು ಹೇಳಿದ್ರೆ ಸಾಕಾಗಿತ್ತಲ್ಲ ರೀ."

ಆಮೇಲೆ ಅವಳೇ ಮ್ಯಾನೇಜರಿಗೆ ಫೋನ್ ಮಾಡಿದಳು. ಯಂತ್ರ ಕೆಟ್ಟಿತು ಎಂದು ಹೇಳು ಎಂದು ನಾನು ಪಕ್ಕದಲ್ಲಿ ನಿಂತು ಕೈಸನ್ನೆ ಮಾಡುತ್ತಿದ್ದೆ, ಅವಳು ನನ್ನ ಕಡೆ ಬೆನ್ನು ತಿರುಗಿಸಿ, ಹೂವು ಹಾಳಾಗಿದೆ, ತಪ್ಪು ನಮ್ಮದೇ ಎಂದಳು. ಆ ನಮ್ಮದು ಎಂಬ ಪದದೊಳಗೆ ಅವಳು ನನ್ನನ್ನು ಬಚ್ಚಿಟ್ಟಳು. ವೇದಿಕೆಯ ಕೆಲಸವನ್ನು ಮ್ಯಾನೇಜರ್ ಬೇರೆ ಹೂವಿನವರಿಗೆ ಕೊಟ್ಟರು, ಪ್ರಾಮಾಣಿಕವಾಗಿ ಹೇಳಿದ್ದಕ್ಕೋ ಏನೋ ಊಟದ ಮೇಜುಗಳ ಅಲಂಕಾರವನ್ನು ಮಾತ್ರ ಅವಳಿಗೇ ಬಿಟ್ಟರು. ಸೇಬಿನ ಉಸಿರಿಗೆ ಜಗ್ಗದೆ ಉಳಿದಿದ್ದ ಬಿಳಿ ಸೇವಂತಿಗೆಗಳನ್ನೂ ಜರೀಗಿಡದ ಎಲೆಗಳನ್ನೂ ಅವಳು ಮೇಜಿನ ಉದ್ದಕ್ಕೂ ಹರಡಿ, ಅವುಗಳ ನಡುವೆ ಆ ಸೇಬುಗಳನ್ನೇ ಒಂದೊಂದಾಗಿ ಒರೆಸಿ ಇಟ್ಟಳು. ಸೇಬಣ್ಣನಿಗೆ ಅಷ್ಟೂ ಸೇಬಿನ ಬೆಲೆ ತೆತ್ತವನು ನಾನು. ಆ ದಿನದ ಅಲಂಕಾರಕ್ಕೆ ನನ್ನ ಕೊಡುಗೆ ಅದು. ಜನ ಮೆಚ್ಚಿದರು, ಊಟ ಮುಗಿದ ಮೇಲೆ ಅಲಂಕಾರವನ್ನು ತಿಂದೂ ಹೋದರು. ಆದರೆ ವರ್ಷದ ಕೆಲಸ ವೇದಿಕೆ ಮಾಡಿದವರಿಗೇ ಹೋಯಿತು. ಅವರ ಬಳಿ ಕೋಲ್ಡ್ ರೂಮ್ ಇಲ್ಲ ಎಂಬುದನ್ನು ತಮ್ಮ ಮಾಹಿತಿಗಾಗಿ ತಿಳಿಸುತ್ತಿದ್ದೇನೆ. ಮಾರುಕಟ್ಟೆಗೆ ಹೋಗಲು ಗೊತ್ತುಮಾಡಿದ್ದ ಹೆಂಗಸಿಗೆ ಸದ್ಯಕ್ಕೆ ಬೇಡವೆಂದು ಹೇಳಿ ಬಂದವಳೂ ನನ್ನ ಹೆಂಡತಿಯೇ.

ಮರುದಿನದಿಂದ ಮಾರುಕಟ್ಟೆಗೆ ನಾನು ಹೋಗುತ್ತಿದ್ದೇನೆ. ಯಾರೂ ಹೋಗೆನ್ನಲಿಲ್ಲ, ಅಲಾರಾಂ ಹೊಡೆದಾಗ ಅವಳಿಗಿಂತ ಮೊದಲು ಎದ್ದು ಅವಳ ಚೀಲವನ್ನು ನಾನು ಹೆಗಲಿಗೆ ಹಾಕಿಕೊಂಡೆ, ಅಷ್ಟೆ. ಮಾಡಿದ್ದುಣ್ಣೋ ಮಹಾರಾಯ ಎಂಬುದು ಗಾದೆಯಾಗಿ ಕೇಳುವಾಗ ಸೊಗಸಾಗಿಯೇ ಇರುತ್ತದೆ, ಕತ್ತಲಲ್ಲಿ ಕೆಸರು ತುಳಿಯುತ್ತ ಹೂವಿನ ಹೊರೆ ಹೊರುವಾಗ ಅದರ ರುಚಿಯೇ ಬೇರೆ. ನನ್ನ ಮೂಗು ನಾನು ಘೋಷಿಸಿದ್ದಂತೆಯೇ ಸೋರಿತು, ಆದರೆ ಮೂಗು ಸೋರುತ್ತಲೂ ಹೂವು ಕೊಳ್ಳಬಹುದೆಂದು ಈ ವಯಸ್ಸಿನಲ್ಲಿ ಕಲಿತೆ. ಮೊದಲ ದಿನ ಬಾಡಿದ ಕಟ್ಟುಗಳನ್ನು ನನ್ನ ತಲೆಗೆ ಕಟ್ಟಿದರು. ಅಲ್ಲಿನ ವ್ಯಾಪಾರಿಗಳೂ ನನ್ನನ್ನು ಸರ್ ಎಂದು ಕರೆದಿದ್ದರು. ಈಗ ತಕ್ಕಮಟ್ಟಿಗೆ ಪಳಗಿದ್ದೇನೆ.

ಹಾಗಾದರೆ ಅವಳು ಕಡೆಗೂ ನಿದ್ದೆ ಮಾಡುತ್ತಿರಬೇಕೆಂದು ತಾವು ಭಾವಿಸಬಹುದು. ನಾನೂ ಹಾಗೇ ಭಾವಿಸಿ, ಮೊದಲ ದಿನ ಬಾಗಿಲು ಸದ್ದಾಗದಂತೆ ಎತ್ತಿ ಸರಿಸಿ ಮನೆಯೊಳಗೆ ಬಂದೆ. ಅವಳು ಅಡುಗೆಮನೆಯಲ್ಲಿ, ದೀಪ ಹಾಕದೆ, ಖಾಲಿ ಲೋಟ ಹಿಡಿದು ಕೂತಿದ್ದಳು. ನಾನು ಹೊರಟ ಕೂಡಲೇ ಎಚ್ಚರವಾಯಿತಂತೆ. ನಾಳೆ ನಿದ್ದೆ ಬರುತ್ತದೆ, ಮಲಗು ಎಂದೆ. ಮರುದಿನವೂ ಕೂತಿದ್ದಳು, ಅದರ ಮರುದಿನವೂ. "ಕಣ್ಣು ತಾನಾಗೇ ಬಿಟ್ಕೊಳ್ಳುತ್ತೆ, ಏನ್ಮಾಡ್ಲಿ," ಎಂದಳು, ತಪ್ಪು ತನ್ನದೇ ಎಂಬಂತೆ. ಇಷ್ಟು ವರ್ಷ ಕತ್ತಲಲ್ಲಿ ಎಬ್ಬಿಸಿದ ದೇಹಕ್ಕೆ ಈಗ ಮಲಗು ಎಂದರೆ ಅದು ಕೇಳುವುದಿಲ್ಲ. ನನಗೆ ಅಳು ಬಂತು, ಮಾನ್ಯರೇ. ದೂರಿನ ಪತ್ರದಲ್ಲಿ ಬರೆಯಬಾರದ ಮಾತು, ಬರೆದುಬಿಟ್ಟೆ.

ಆದ್ದರಿಂದ ನನ್ನ ಬೇಡಿಕೆಗಳನ್ನು ತಮ್ಮ ತಣ್ಣನೆಯ ಪಾದಗಳಲ್ಲಿ ಇಡುತ್ತಿದ್ದೇನೆ. ತಾವು ಒಗೆದ ಅಂಗಿಯಂತೆ ಸ್ವಲ್ಪ ಕುಗ್ಗಲು ಸಾಧ್ಯವಾದರೆ ಒಂದು ಕಿಟಕಿಯಷ್ಟಾದರೂ ಜಾಗ ಬಿಟ್ಟುಕೊಡಬೇಕು. ಹೂವನ್ನು ಹತ್ತು ದಿನ ಹಾಗೇ ಇಡುವ ತಮ್ಮ ವಿದ್ಯೆ ದೊಡ್ಡದು, ಒಪ್ಪಿದೆ. ಆದರೆ ಅವಳು ಇಷ್ಟು ವರ್ಷ ಮಲಗದೆ ಬಿಟ್ಟ ಬೆಳಗಿನ ನಿದ್ದೆಯನ್ನು ಯಾರಾದರೂ ಎಲ್ಲಾದರೂ ಕೆಡದಂತೆ ಇಟ್ಟಿದ್ದಾರೆಯೇ ಎಂದು ತಮ್ಮ ಬಂಧುಬಳಗದಲ್ಲಿ ವಿಚಾರಿಸಿ ತಿಳಿಸಬೇಕು. ಎಲ್ಲ ಬೇಡ, ಒಂದು ಬೆಳಗಿನದು ಸಿಕ್ಕರೂ ಸಾಕು, ಎಷ್ಟು ದೂರವಾದರೂ ನಾನೇ ಹೋಗಿ ಹೊತ್ತು ತರುತ್ತೇನೆ. ಅದು ಆಗದ ಮಾತೆಂದಾದರೆ, ನಾನು ತಮ್ಮೆದುರು ನಿಂತು ಹೀಗೆಲ್ಲ ಬಡಬಡಿಸುವಾಗ ಕಂಪ್ರೆಸರನ್ನಾದರೂ ಒಂದು ಗಳಿಗೆ ನಿಲ್ಲಿಸಿ ಕೇಳಿಸಿಕೊಂಡಂತೆ ನಟಿಸಬೇಕಾಗಿ ಪ್ರಾರ್ಥನೆ.

ತಮ್ಮ ಅಖಂಡ ಆರೋಗ್ಯವನ್ನು ಹಾರೈಸದೆ ಬೇರೆ ದಾರಿಯಿಲ್ಲದ,

ತಮ್ಮ ವಿಶ್ವಾಸಿ,
ಮುಂದಿನ ಗಲ್ಲಾಪೆಟ್ಟಿಗೆಯವನು

ತಾ.ಕ.: ಈ ಪತ್ರವನ್ನು ತಮ್ಮ ಬಾಗಿಲಿಗೆ ಅಂಟಿಸುವ ಮೊದಲು ಒಮ್ಮೆ ನೋಡಲಿ ಎಂದು ಹೆಂಡತಿಯ ಕೈಗೆ ಕೊಟ್ಟೆ. ಅವಳು ಕನ್ನಡಕ ಹಾಕಿಕೊಂಡು, ಮೊದಲಿನಿಂದ ಕೊನೆಯವರೆಗೆ, ಎಲ್ಲೂ ನಗದೆ ಓದಿದಳು. ಮಡಚಿ ನನಗೆ ವಾಪಸ್ಸು ಕೊಡುತ್ತ, "ಎಲ್ಲಾ ಸರಿಯಾಗೇ ಬರ್ದಿದೀರಿ. ಆದ್ರೆ ಇದನ್ನ ಕೋಲ್ಡ್ ರೂಮಿಗೆ ಯಾಕೆ ಬರೆದ್ರಿ?" ಎಂದು ಕೇಳಿದಳು. ಆದಕಾರಣ ತಾವು ಉತ್ತರಿಸುವ ಶ್ರಮ ತೆಗೆದುಕೊಳ್ಳಬೇಕಾಗಿಲ್ಲ. ನಾನು ಇನ್ನೊಂದು ಹಾಳೆ ತೆಗೆದುಕೊಂಡು ಕೂತಿದ್ದೇನೆ, ಮಾನ್ಯರೇ ಎಂದು ಬರೆಯುವ ಜಾಗದಲ್ಲಿ ಅವಳನ್ನು ಏನೆಂದು ಕರೆಯಬೇಕೆಂದು ತಿಳಿಯದೆ ಇನ್ನೂ ಅಲ್ಲೇ ಇದ್ದೇನೆ.